ಶಿಶುವಿಹಾರದ ಬಾಗಿಲಲ್ಲಿ ಸಮಾನತೆ

ಜಗತ್ತಿನ ದೇಶಗಳ ಶಿಕ್ಷಣ ಸ್ಥಿತಿಯನ್ನು ಅಳೆಯಲು ಯುನೆಸ್ಕೋ ಬಳಸುವ ಮಾನದಂಡಗಳಲ್ಲಿ ಲಿಂಗ ಸಮಾನತಾ ಸೂಚ್ಯಂಕವೂ ಒಂದು. ಶಿಶುವಿಹಾರದ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ ಎಷ್ಟು ಮಂದಿ ದಾಖಲಾಗಿದ್ದಾರೆ, ಗಂಡುಮಕ್ಕಳಲ್ಲಿ ಶೇಕಡಾ ಎಷ್ಟು ಎಂದು ನೋಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಈ ಸೂಚ್ಯಂಕ ದೊರೆಯುತ್ತದೆ. ಉತ್ತರ 1 ಬಂದರೆ ಪೂರ್ಣ ಸಮಾನತೆ, 0.97ರಿಂದ 1.03ರ ನಡುವೆ ಇದ್ದರೂ ಸಮಾನತೆಯೆಂದೇ ಪರಿಗಣಿಸುವುದು ವಾಡಿಕೆ. ವೃದ್ಧರ ಪ್ರಮಾಣ ಏರುತ್ತಿರುವ ಜಪಾನ್, ಇಟಲಿ, ದಕ್ಷಿಣ ಕೊರಿಯಾಗಳಂತಹ ದೇಶಗಳು ಈ ಪರೀಕ್ಷೆಯಲ್ಲಿ ಸುಲಭವಾಗಿ ಉತ್ತೀರ್ಣವಾಗುತ್ತವೆ. ಅಲ್ಲಿ ಮಗಳನ್ನು ಮನೆಯಲ್ಲಿರಿಸಿ ಮಗನನ್ನು ಮಾತ್ರ ಕಲಿಯಲು ಕಳುಹಿಸುವ ಕಾಲ ಎಂದೋ ಕಳೆಯಿತು.

ಇದು ಸಂತೋಷದ ಸಂಗತಿಯೇ. ಆದರೆ ಸಮಾನತೆ ಎಂದಾಗ ಯಾರ ಮತ್ತು ಯಾರ ನಡುವಣ ಸಮಾನತೆ ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕು. ಒಂದು ಊರಿನಲ್ಲಿ 116 ಗಂಡುಮಕ್ಕಳೂ 100 ಹೆಣ್ಣುಮಕ್ಕಳೂ ಇದ್ದಾರೆಂದು ಭಾವಿಸೋಣ. ಇಬ್ಬರಲ್ಲಿಯೂ ಅರ್ಧದಷ್ಟು ಮಂದಿ ಶಿಶುವಿಹಾರ ಸೇರಿದರೆ ತರಗತಿಯಲ್ಲಿ 58 ಹುಡುಗರು, 50 ಹುಡುಗಿಯರು ಇರುತ್ತಾರೆ. ಸೂಚ್ಯಂಕ ಮಾತ್ರ 1 ಎಂದೇ ಹೇಳುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಹುಟ್ಟಿದ ಮಕ್ಕಳನ್ನಷ್ಟೇ ಅದು ಎಣಿಸುತ್ತದೆ. ಹುಟ್ಟಲು ಬಿಡದ ಹೆಣ್ಣುಮಗು ಅದರ ಛೇದದಲ್ಲಿಯೂ ಇಲ್ಲ, ಅಂಶದಲ್ಲಿಯೂ ಇಲ್ಲ.

ಇದು ಕೇವಲ ಕಲ್ಪನೆಯ ಲೆಕ್ಕವಲ್ಲ. ನಿಸರ್ಗ ನಿಯಮದಂತೆ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ದಕ್ಷಿಣ ಕೊರಿಯಾದಲ್ಲಿ 1990ರಲ್ಲಿ ಈ ಸಂಖ್ಯೆ 116ನ್ನು ದಾಟಿತ್ತು. ಮೂರನೆಯ ಮಗುವಿನ ವಿಷಯದಲ್ಲಂತೂ ಅದು 180ಕ್ಕೂ ಮೇಲಿತ್ತು. ಮೊದಲೆರಡು ಹೆಣ್ಣಾದರೆ ಮೂರನೆಯದನ್ನು ಆರಿಸಿಯೇ ಹಡೆಯುತ್ತಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ವಂಶಕ್ಕೊಬ್ಬ ಮಗ ಬೇಕೆಂಬ ಹಂಬಲ ಹಳೆಯದು; ಸ್ಕ್ಯಾನಿಂಗ್ ಯಂತ್ರ ಹೊಸದು. ಜೊತೆಗೆ, ಅಲ್ಲಿಯ ಪಂಚಾಂಗದಂತೆ ಬಿಳಿ ಕುದುರೆಯ ವರ್ಷವಾದ 1990ರಲ್ಲಿ ಹುಟ್ಟುವ ಹೆಣ್ಣು ಹಟಮಾರಿಯಾಗುತ್ತಾಳೆಂಬ ಮೂಢನಂಬಿಕೆಯೂ ಸೇರಿಕೊಂಡಿತು. ಭ್ರೂಣದ ಲಿಂಗ ತಿಳಿಸುವುದನ್ನು ನಿಷೇಧಿಸುವ ಕಾನೂನು 1987ರಲ್ಲಿಯೇ ಬಂದಿದ್ದರೂ ಆ ವರ್ಷ ಅದು ನಿರುಪಯುಕ್ತವಾಯಿತು.

ಮುಂದೆ ಆ ದೇಶ ತನ್ನನ್ನು ತಾನು ತಿದ್ದಿಕೊಂಡಿತೆಂಬುದನ್ನೂ ಮೆಚ್ಚಬೇಕು. ಹೆಣ್ಣುಮಕ್ಕಳು ಓದಿದರು, ದುಡಿದರು, ನಗರಗಳಿಗೆ ಬಂದರು. ಪುರುಷನನ್ನೇ ಮನೆಯ ಯಜಮಾನನೆಂದು ದಾಖಲಿಸುತ್ತಿದ್ದ 'ಹೊಜು' ಪದ್ಧತಿ ಸಂವಿಧಾನಬಾಹಿರವೆಂದು 2005ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ತೀರ್ಪಿತ್ತಿತು. 2008ರಲ್ಲಿ ಅದು ರದ್ದಾಯಿತು. ಆ ಹೊತ್ತಿಗೆ ಜನನದ ಲಿಂಗಾನುಪಾತವೂ ಸಹಜ ಸ್ಥಿತಿಗೆ ಮರಳಿತ್ತು. ಮೂರರಿಂದ ಐದು ವರ್ಷದ ಎಲ್ಲ ಮಕ್ಕಳ ಶಿಶು ಶಿಕ್ಷಣಕ್ಕೆ 2013ರಿಂದ ಸರಕಾರದ ನೆರವು ಸಿಗತೊಡಗಿತು. ಗಂಡುಸಂತಾನದ ಹಂಬಲ ಕುಗ್ಗಿದೆಯೆಂಬುದನ್ನೂ ಗಮನಿಸಿ, 32 ವಾರಗಳಿಗೆ ಮೊದಲು ಭ್ರೂಣದ ಲಿಂಗ ತಿಳಿಸಬಾರದೆಂಬ ನಿರ್ಬಂಧವನ್ನು 2024ರಲ್ಲಿ ನ್ಯಾಯಾಲಯ ತೆಗೆದುಹಾಕಿತು.

ಹೀಗೆ ಹುಡುಗಿಯರು ಶಿಶುವಿಹಾರದ ಬಾಗಿಲನ್ನು ಸರಿಸಮವಾಗಿ ದಾಟಿದರು. ಆದರೆ ಶಿಶುವಿಹಾರಗಳೇ ಬರಿದಾಗತೊಡಗಿದವು. ಒಬ್ಬ ಸ್ತ್ರೀ ಸರಾಸರಿ ಹೆರುವ ಮಕ್ಕಳ ಸಂಖ್ಯೆ 2023ರಲ್ಲಿ 0.72ಕ್ಕೆ ಇಳಿಯಿತು. 1970ರಲ್ಲಿ ಸುಮಾರು 10 ಲಕ್ಷ ಮಕ್ಕಳು ಹುಟ್ಟಿದ ದೇಶದಲ್ಲಿ 2023ರಲ್ಲಿ ಹುಟ್ಟಿದವರು ಸುಮಾರು 2 ಲಕ್ಷ 30 ಸಾವಿರ. 2024ರ ಡಿಸೆಂಬರಿನಲ್ಲಿ 65 ದಾಟಿದವರ ಪ್ರಮಾಣ ಜನಸಂಖ್ಯೆಯ ಐದನೆಯ ಒಂದು ಪಾಲನ್ನು ಮೀರಿತು. ಮಕ್ಕಳಿಲ್ಲದೆ ಮುಚ್ಚಿದ ಕೆಲವು ಶಿಶುವಿಹಾರಗಳು ಇಂದು ವೃದ್ಧರ ಆರೈಕೆಯ ಕೇಂದ್ರಗಳಾಗಿವೆ.

ಇದಕ್ಕೆ ಕಾರಣಗಳು ಹಲವು; ಎರಡನ್ನು ಇಲ್ಲಿ ಹೇಳಲೇಬೇಕು. ಮೊದಲನೆಯದು, 1990ರ ಸುಮಾರಿಗೆ ಹುಟ್ಟಬೇಕಾಗಿದ್ದ ಹೆಣ್ಣುಮಕ್ಕಳು ಹುಟ್ಟಿದ್ದರೆ ಇಂದು ತಾಯಂದಿರಾಗುವ ಪ್ರಾಯದಲ್ಲಿರುತ್ತಿದ್ದರು. ಅಂದು ತೆರವಾದ ತೊಟ್ಟಿಲು ಇಂದು ಇನ್ನೊಂದು ತೊಟ್ಟಿಲನ್ನು ತೆರವುಗೊಳಿಸಿದೆ. ಎರಡನೆಯದು, ಹುಟ್ಟಿ ಬೆಳೆದವರಿಗೆ ಶಿಶುವಿಹಾರದಲ್ಲಿ ದೊರೆತ ಸಮಾನತೆ ಮುಂದೆ ದೊರೆಯಲಿಲ್ಲ. ಉನ್ನತ ಶಿಕ್ಷಣದಲ್ಲಿ ಅಲ್ಲಿಯ ತರುಣಿಯರು ತರುಣರನ್ನು ಮೀರಿಸಿದ್ದಾರೆ. ಆದರೂ ಸ್ತ್ರೀ ಪುರುಷರ ವೇತನದ ಅಂತರ ಸುಮಾರು ಶೇಕಡಾ 30ರಷ್ಟಿದ್ದು, ಶ್ರೀಮಂತ ದೇಶಗಳ ಸಾಲಿನಲ್ಲಿ ಅತಿ ಹೆಚ್ಚಿನದಾಗಿದೆ. ದೀರ್ಘ ದುಡಿಮೆಯ ಕಚೇರಿ, ಮರಳಿದರೆ ಮನೆಗೆಲಸ, ಮಗುವಿನ ಪೂರ್ತಿ ಹೊಣೆ: ಇವೆಲ್ಲವೂ ಅವಳ ಪಾಲಿಗೇ ಬರುವುದಾದರೆ ಅವಳು ತಾಯ್ತನಕ್ಕೆ ಹಿಂಜರಿಯುವುದನ್ನು ಸ್ವಾರ್ಥವೆಂದು ಜರೆಯುವುದು ನ್ಯಾಯವಲ್ಲ.

ಈ ಕಥೆ ನಮಗೆ ದೂರದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ 1.7 ಮಕ್ಕಳು, ಒಂದು ಪೀಳಿಗೆಯ ಸ್ಥಾನವನ್ನು ಮುಂದಿನ ಪೀಳಿಗೆ ತುಂಬಲು ಇದು ಸಾಲದು. ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾಯಿದೆ ನಮ್ಮಲ್ಲಿ 1994ರಿಂದಲೂ ಇದೆ. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿರಿಸಿ ಲಿಂಗಪತ್ತೆ ನಡೆಸುತ್ತಿದ್ದ ಜಾಲ ಬಯಲಾಯಿತು. ಸಿಹಿ ಕಾಯಿಸುವ ಮನೆಯಲ್ಲಿ ಇಂತಹ ಕಹಿ ಕೃತ್ಯ! ಆ ಜಿಲ್ಲೆಯ ಅಂಗನವಾಡಿಗಳ ದಾಖಲಾತಿಯಲ್ಲಿ ಎಷ್ಟೇ ಸಮಾನತೆ ಕಂಡರೂ ಈ ನಷ್ಟ ಅದರಲ್ಲಿ ಕಾಣಿಸದು.

ಆದುದರಿಂದ ಅಂಕಿಗಳನ್ನು ತಿರಸ್ಕರಿಸುವುದು ಬೇಡ. ಅವುಗಳ ಎಲ್ಲೆಯನ್ನು ಅರಿಯೋಣ. ಶಿಶುವಿಹಾರದ ಬಾಗಿಲಲ್ಲಿ ಸಮಾನತೆ ಇದೆಯೇ ಎಂಬ ಪ್ರಶ್ನೆಗೆ ಸರಕಾರ ಉತ್ತರಿಸಬಲ್ಲದು. ಆ ಬಾಗಿಲಿಗೆ ಬರುವ ಮೊದಲು ಮಗಳ ನಿರೀಕ್ಷೆ ಮಗನ ನಿರೀಕ್ಷೆಯಷ್ಟೇ ಆನಂದದ್ದಾಗಿತ್ತೇ? ಆ ಬಾಗಿಲನ್ನು ದಾಟಿ ಬೆಳೆದ ಮೇಲೆ ಮನೆಯ ಭಾರ ಅವಳೊಬ್ಬಳ ಹೆಗಲ ಮೇಲೆಯೇ ಬಿತ್ತೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವು ನಮ್ಮ ನಮ್ಮ ಕುಟುಂಬಗಳೇ.