ಏಳು ಕಿಲೋ ಕಲಿಸಿದ ಪಾಠ

ಒಂದು ಡಿಸೆಂಬರ್ ತಿಂಗಳಲ್ಲಿ ನಾವು ಮನೆಮಂದಿ ಆರು ಜನ ಕಾಶಿಗೆ ಹೋಗಿಬಂದೆವು. ನಾನು, ನನ್ನ ಶ್ರೀಮತಿ, ಮಗ, ಸೊಸೆ, ಹನ್ನೆರಡು ವರ್ಷದ ಮೊಮ್ಮಗಳು ಮತ್ತು ಏಳು ವರ್ಷದ ಮೊಮ್ಮಗ. ಐದು ದಿನಗಳ ಪ್ರವಾಸ. ಕಾಶಿಯ ಬಗ್ಗೆ ಬರೆಯಬೇಕೆಂದು ಕೆಲವು ಮಿತ್ರರು ಕೇಳಿದ್ದಾರೆ. ಅದನ್ನು ಮುಂದೆಂದಾದರೂ ಬರೆದೇನು. ಇಂದು ಬರೆಯಹೊರಟಿರುವುದು ನಾವು ಹೊತ್ತೊಯ್ದ ಗಂಟುಮೂಟೆಯ ವಿಚಾರ. ಇದೇನು ಬರೆಯುವಂಥ ವಿಷಯವೇ ಎಂದು ನಗಬೇಡಿ. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನನಗೆ ಈ ಗಂಟುಮೂಟೆಯೇ ಒಂದು ಪಾಠ ಹೇಳಿತು.

ಟಿಕೆಟ್ ಕಾದಿರಿಸಿದ ದಿನವೇ ಸೊಸೆ ಒಂದು ಷರತ್ತು ಮುಂದಿಟ್ಟಳು. "ಮಾವ, ಈ ಸಲ ಹೋಗುವಾಗ ಚೆಕ್-ಇನ್ ಲಗೇಜು ಯಾರೂ ಕೊಡುವುದು ಬೇಡ. ಒಬ್ಬೊಬ್ಬರಿಗೆ ಒಂದೊಂದು ಕೈಚೀಲ, ಏಳು ಕಿಲೋ, ಅಷ್ಟೇ. ಅವರವರ ಚೀಲ ಅವರವರೇ ತುಂಬಿಕೊಳ್ಳೋಣ." ನಾನು ಒಳಗೊಳಗೇ ನಕ್ಕೆ. ಟಿಕೆಟ್ಟಿನಲ್ಲಿ ತಲೆಗೆ ಹದಿನೈದು ಕಿಲೋ ಚೆಕ್-ಇನ್ ಲಗೇಜಿಗೆ ಅವಕಾಶವಿರುವಾಗ ಅದನ್ನು ಬಿಟ್ಟುಕೊಡುವುದು ಯಾವ ಜಾಣತನ ಎಂದುಕೊಂಡೆ.

ನನ್ನ ಆ ನಗೆಗೆ ಕಾರಣವಿದೆ. ನಾನು ತಿಪಟೂರು ಸೀಮೆಯವನು. ಬಾಲ್ಯದಲ್ಲಿ ನಮ್ಮ ದೂರಪ್ರಯಾಣವೆಂದರೆ ಹುಬ್ಬಳ್ಳಿಯ ಸೋದರತ್ತೆಯ ಮನೆಗೆ, ಮೀಟರ್ ಗೇಜ್ ರೈಲಿನಲ್ಲಿ. ತಂದೆಯವರ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆಸಿದ ತಗಡಿನ ಟ್ರಂಕು, ಹಾಸಿಗೆ ಸುತ್ತಿದ ಹೋಲ್ಡಾಲು, ನೀರಿನ ಕೂಜ, ಬುತ್ತಿಯ ಡಬ್ಬಿ, ಅತ್ತೆಗೆಂದು ಒಂದು ಚೀಲ ತೆಂಗಿನಕಾಯಿ. ಇಷ್ಟಿಲ್ಲದೆ ಮನೆಯ ಹೊಸ್ತಿಲು ದಾಟಿದರೆ ಪ್ರಯಾಣವೆಂದೇ ಅನ್ನಿಸುತ್ತಿರಲಿಲ್ಲ. ಸಾಮಾನು ಹೆಚ್ಚಿದ್ದಷ್ಟೂ ಸಂಸಾರಕ್ಕೆ ಘನತೆ ಎಂಬ ಭಾವನೆ ಆಗ ಎಲ್ಲರಲ್ಲೂ ಇತ್ತು. ಪೆಟ್ಟಿಗೆಗೆ ಗಾಲಿ ಜೋಡಿಸಿದ ಅಮೆರಿಕದ ಬರ್ನಾರ್ಡ್ ಸ್ಯಾಡೋ ಅದಕ್ಕೆ ಪೇಟೆಂಟ್ ಪಡೆದದ್ದು 1972ರಲ್ಲಿ. ಕೈಪಿಡಿ ಎಳೆದು ನಿಲ್ಲಿಸಿ ಉರುಳಿಸುವ ಈಗಿನ ಟ್ರಾಲಿಯನ್ನು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕ ರೂಪಿಸಿದ್ದು 1987ರಲ್ಲಿ. ನಮ್ಮ ಊರಿಗೆ ಅದು ತಲುಪುವ ಹೊತ್ತಿಗೆ ನಾನು ಮೇಷ್ಟ್ರಾಗಿ ಎಷ್ಟೋ ವರ್ಷಗಳಾಗಿದ್ದವು.

ವಿಮಾನವಂತೂ ನಮ್ಮಂಥವರಿಗೆ ಆಕಾಶದಲ್ಲಿ ನೋಡುವ ವಸ್ತುವಾಗಿತ್ತು. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ ಮೇಲೆ ಎಷ್ಟೋ ಮಧ್ಯಮವರ್ಗದ ಕನ್ನಡಿಗರು ಮೊದಲ ಬಾರಿಗೆ ವಿಮಾನ ಹತ್ತಿದರು. ಆದರೆ ನಾವು ಹತ್ತಿದ್ದು ರೈಲಿನ ಮನಸ್ಸನ್ನು ಹೊತ್ತುಕೊಂಡೇ. ಟ್ರಂಕು ಹೋಗಿ ಸೂಟ್‌ಕೇಸ್ ಬಂತು, ಹೊರೆಯ ಅಭ್ಯಾಸ ಹಾಗೆಯೇ ಉಳಿಯಿತು.

ಆ ಅಭ್ಯಾಸಕ್ಕೆ ಒಮ್ಮೆ ನಾವು ಬೆಲೆ ತೆತ್ತಿದ್ದೆವು. 2016ರಲ್ಲಿ ದೆಹಲಿಯಲ್ಲಿ ನನ್ನ ತಂಗಿಯ ಮಗಳ ಮದುವೆ. ದಂಪತಿಗಳಿಬ್ಬರೇ ಹೊರಟಿದ್ದೆವು. ನನ್ನಾಕೆಗೆ ಆಗಲೇ ಸಕ್ಕರೆ ಕಾಯಿಲೆ. ಅವಳು ಮಾತ್ರೆಯ ಚೀಲವನ್ನು ಕೈಯಲ್ಲಿ ಹಿಡಿದಿದ್ದಳು. "ಕೈಯಲ್ಲಿ ಇದೆಲ್ಲ ಯಾಕೆ? ದೊಡ್ಡ ಪೆಟ್ಟಿಗೆಗೆ ಹಾಕು" ಎಂದು ಹೇಳಿ ಹಾಕಿಸಿದವನು ನಾನೇ. ದೆಹಲಿಯಲ್ಲಿ ಇಳಿದು ಸಾಮಾನು ಬರುವ ಪಟ್ಟಿಯ ಮುಂದೆ ಮುಕ್ಕಾಲು ಗಂಟೆ ನಿಂತೆವು. ಪೆಟ್ಟಿಗೆ ಬರಲಿಲ್ಲ. ಅದು ಬೇರೆ ಊರಿಗೆ ಹೋಗಿ ಮೂರನೆಯ ದಿನ ನಮ್ಮ ಕೈಸೇರಿತು. ವೈದ್ಯರ ಚೀಟಿಯೂ ಅದರೊಳಗೇ ಇದ್ದುದರಿಂದ ಸರಿಯಾದ ಮಾತ್ರೆ ಕೊಳ್ಳುವ ವೇಳೆಗೆ ಮರುದಿನ ಮಧ್ಯಾಹ್ನವಾಯಿತು. ಅಷ್ಟರಲ್ಲಿ ಅವಳು, ನನ್ನ ತಂಗಿ ಕೊಟ್ಟ ಸೀರೆಯುಟ್ಟು, ಮದುವೆಯ ಮಂಟಪದಲ್ಲಿ ತಲೆಸುತ್ತಿ ಕುಳಿತುಬಿಟ್ಟಿದ್ದಳು. ನಾನು ವಿಮಾನದವರನ್ನು ಬಾಯಿತುಂಬ ಬೈದೆ. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಸೊಸೆಯ ಷರತ್ತಿನ ಹಿಂದೆ ಆ ನೆನಪು ಇತ್ತೆಂಬುದು ನನಗೆ ತಡವಾಗಿ ಹೊಳೆಯಿತು.

ಇನ್ನು ನಿಯಮಗಳ ವಿಚಾರ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಪ್ರಯಾಣಿಕರು ಒಂದು ಕೈಚೀಲ ಒಯ್ಯಬಹುದು. ತೂಕ ಸಾಮಾನ್ಯವಾಗಿ ಏಳು ಕಿಲೋ. ಉದ್ದ 55, ಅಗಲ 35, ದಪ್ಪ 25 ಸೆಂಟಿಮೀಟರ್, ಒಟ್ಟು ಕೂಡಿದರೆ 115 ಮೀರಬಾರದು. ಇದರ ಜೊತೆಗೆ ಹೆಂಗಸರ ಪರ್ಸನ್ನೋ ಚಿಕ್ಕ ಲ್ಯಾಪ್‌ಟಾಪ್ ಚೀಲವನ್ನೋ ಬಿಡುವುದುಂಟು; ಅದನ್ನು ನಿಮ್ಮ ಟಿಕೆಟ್ಟಿನಲ್ಲಿ ಓದಿಕೊಳ್ಳಿ. ಸ್ವಂತ ಆಸನವಿರುವ ಮಗುವಿಗೂ ಈ ಏಳು ಕಿಲೋ ಉಂಟು. ಹಾಗಾಗಿ ಆರು ಜನರ ಕುಟುಂಬಕ್ಕೆ ನಲವತ್ತೆರಡು ಕಿಲೋ. ಲೆಕ್ಕ ಹಾಕಿದಾಗ ಇದೇನು ಕಡಿಮೆಯಲ್ಲವಲ್ಲ ಎನ್ನಿಸಿತು. ಆದರೆ ಗಾಲಿಯ ಪೆಟ್ಟಿಗೆ ಬರಿದಾಗಿದ್ದಾಗಲೇ ಎರಡೂವರೆ ಮೂರು ಕಿಲೋ ತೂಗುತ್ತದೆ. ಒಳಗೆ ಇಡಲು ಉಳಿಯುವುದು ನಾಲ್ಕು ಕಿಲೋ ಮಾತ್ರ. ಅದಕ್ಕೇ ಸೊಸೆ ಎಲ್ಲರಿಗೂ ಬೆನ್ನಿಗೆ ಹಾಕುವ ಬಟ್ಟೆಯ ಚೀಲ ತಂದಳು. ಭುಜನೋವಿರುವ ನನ್ನಾಕೆಗೆ ಮಾತ್ರ ಗಾಲಿಯದು.

ತುಂಬುವಾಗ ಮೊದಲ ತಕರಾರು ಬಂದದ್ದು ಕೊಬ್ಬರಿಯಿಂದ. ದೇವರ ಮುಂದಿಡಲು ನಾಲ್ಕು ಕೊಬ್ಬರಿ ಬಟ್ಟಲು ಎತ್ತಿಟ್ಟಿದ್ದಳು ನನ್ನಾಕೆ. "ಅತ್ತೆ, ಕೊಬ್ಬರಿ ವಿಮಾನಕ್ಕೆ ಆಗುವುದಿಲ್ಲ" ಎಂದಳು ಸೊಸೆ. ತಿಪಟೂರಿನವನಾದ ನನಗೆ ಸಿಟ್ಟೇ ಬಂತು. ಅಟ್ಟದ ಮೇಲೆ ವರ್ಷವಿಡೀ ಕಾಯಿ ಒಣಗಿಸಿ ಕೊಬ್ಬರಿ ಮಾಡುವ ನಾಡು ನಮ್ಮದು! ವಿಚಾರಿಸಿದಾಗ ತಿಳಿಯಿತು: ಎಣ್ಣೆಯಂಶ ತುಂಬಿದ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹಾಗಾಗಿ ವಿಮಾನದಲ್ಲಿ ಸಾಗಿಸುವ ಅಪಾಯಕಾರಿ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದೂ ಸೇರಿದೆ. ಸಿಟ್ಟು ಇಳಿಯಿತು, ಕಲಿಯಲು ಏನಾದರೊಂದು ಉಳಿದೇ ಇರುತ್ತದೆ. ಎಣ್ಣೆ ತೇಲುವ ಉಪ್ಪಿನಕಾಯಿಯ ಭರಣಿಯೂ ಕೈಚೀಲದಿಂದ ಹೊರಗುಳಿಯಿತು. ಕತ್ತರಿ, ಚಾಕು ಸಲ್ಲವೆಂಬುದು ನಿಮಗೆ ಗೊತ್ತೇ ಇದೆ. ಇದಕ್ಕೆ ವ್ಯತಿರಿಕ್ತವಾಗಿ ಮೊಬೈಲಿಗೆ ಚಾರ್ಜ್ ಮಾಡುವ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡಕೂಡದು.

ಹೊರಡುವ ಹಿಂದಿನ ರಾತ್ರಿ ತೂಕದ ಸಮಾರಂಭ. ಕೊಂಡಿಗೆ ತೂಗುಹಾಕುವ ಪುಟ್ಟ ಯಂತ್ರವೊಂದನ್ನು ಹಿಡಿದು ಮೊಮ್ಮಗಳು ಅಧಿಕಾರಿಯಂತೆ ನಿಂತಳು. ಮೊಮ್ಮಗನದು ಎರಡೂವರೆ ಕಿಲೋ. ಅವಳದು ನಾಲ್ಕು. ಅಜ್ಜಿಯದು ಪೆಟ್ಟಿಗೆ ಸೇರಿ ಐದೂವರೆ. ನನ್ನದು ಒಂಬತ್ತು ಕಿಲೋ ಮುನ್ನೂರು ಗ್ರಾಂ! ಮೂರು ದಪ್ಪ ಪುಸ್ತಕ, ಎರಡು ಉಣ್ಣೆಯ ಶಾಲು, ಐದು ದಿನಕ್ಕೆ ಏಳು ಜೊತೆ ಬಟ್ಟೆ. ನಾನು ಕಿಂಚಿತ್ತೂ ಯೋಚಿಸದೆ ಒಂದು ಶಾಲನ್ನೂ ಎರಡು ಪುಸ್ತಕಗಳನ್ನೂ ತೆಗೆದು ಹೆಂಡತಿಯತ್ತ ಚಾಚಿ, "ಇದನ್ನು ನಿನ್ನ ಚೀಲಕ್ಕೆ ಹಾಕಿಕೋ" ಎಂದೆ. ಅವಳೂ ಯೋಚಿಸದೆ ಕೈ ನೀಡಿದಳು.

"ತಾತ, ಅಜ್ಜಿ ಚೀಲದಲ್ಲಿ ಇರೋ ಜಾಗ ಅಜ್ಜಿದಲ್ವಾ?"

ಮಗು ಕುಚೋದ್ಯಕ್ಕೆ ಕೇಳಿದ್ದಲ್ಲ. ನಿಯಮ ಓದಿಕೊಂಡಿದ್ದವಳು, ನಿಯಮದಂತೆ ಕೇಳಿದಳು. ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ನನ್ನಾಕೆಯೇ, "ಹೋಗಲಿ ಬಿಡೇ, ನನ್ನದೇನು ಮಹಾ ಇದೆ" ಎಂದು ಆ ಮೌನವನ್ನು ಮುರಿದಳು. ಆ ಮಾತು ನನ್ನನ್ನು ಇನ್ನಷ್ಟು ಚುಚ್ಚಿತು.

ಆ ರಾತ್ರಿ ನನಗೆ ನಿದ್ರೆ ಬೇಗ ಹತ್ತಲಿಲ್ಲ. ನಾಲ್ಕು ದಶಕಗಳ ನಮ್ಮ ಪ್ರಯಾಣಗಳೆಲ್ಲ ಕಣ್ಣಮುಂದೆ ಬಂದವು. ಧರ್ಮಸ್ಥಳ, ಮಂತ್ರಾಲಯ, ತಿರುಪತಿ, ಬಂಧುಗಳ ಮದುವೆ ಮುಂಜಿ. ಪ್ರತಿ ಬಾರಿಯೂ ಮನೆಯವರೆಲ್ಲರ ಬಟ್ಟೆ ಮಡಿಸಿದವಳು ಅವಳು. ಯಾರಿಗೆ ಯಾವ ಮಾತ್ರೆ, ಯಾರ ಟವಲು ಎಲ್ಲಿ, ಮಗುವಿಗೆ ರಾತ್ರಿ ಕೆಮ್ಮು ಬಂದರೆ ಏನು ಎಂಬ ಪಟ್ಟಿಯನ್ನು ತಲೆಯಲ್ಲಿ ಹೊತ್ತವಳು ಅವಳು. ನಾನು ಮಾಡಿದ್ದೇನು? ತುಂಬಿ ಬೀಗ ಹಾಕಿದ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಏರಿಸಿ, ಸಂಸಾರದ ಭಾರವನ್ನೆಲ್ಲ ನಾನೇ ಹೊತ್ತವನಂತೆ ಬೆವರು ಒರೆಸಿಕೊಂಡದ್ದು. ಊರು ತಲುಪಿ ಏನಾದರೂ ಸಿಗದಿದ್ದರೆ, "ಅದನ್ನೂ ಮರೆತೆಯಾ?" ಎಂದು ಕೇಳಿದ್ದು. ದೆಹಲಿಯಲ್ಲಿ ಅವಳ ಮಾತ್ರೆಯ ಚೀಲವನ್ನು ಅವಳ ಕೈಯಿಂದ ಬಿಡಿಸಿದ್ದು.

ಬೆಳಗಿನ ಜಾವ ಎದ್ದು ಎರಡು ಪುಸ್ತಕಗಳನ್ನು ಕಪಾಟಿಗೆ ಹಿಂದಿರುಗಿಸಿದೆ. ಮೂರು ಜೊತೆ ಬಟ್ಟೆ ತೆಗೆದೆ. ಒಂದು ಶಾಲನ್ನು ಹೊದ್ದುಕೊಂಡೆ. ಆರು ಕಿಲೋ ಎಂಟುನೂರು ಗ್ರಾಂ.

ನನ್ನ ಅಭಿಪ್ರಾಯವನ್ನು ಈಗ ನೇರವಾಗಿ ಹೇಳಿಬಿಡುತ್ತೇನೆ. ಕುಟುಂಬವೊಂದು ಕೈಚೀಲದಲ್ಲಷ್ಟೇ ಪ್ರಯಾಣ ಮಾಡುವುದು ಒಳ್ಳೆಯದು. ಸಾಮಾನಿಗಾಗಿ ಕಾಯುವ ಸಮಯ ಉಳಿಯುತ್ತದೆ, ಪೆಟ್ಟಿಗೆ ಕಳೆಯುವ ಭಯವಿಲ್ಲ, ಇವೆಲ್ಲ ನಿಜ. ಹಣವೂ ಸ್ವಲ್ಪ ಉಳಿಯಬಹುದು: ಚೆಕ್-ಇನ್ ಲಗೇಜು ಇಲ್ಲದವರಿಗೆ ಕಡಿಮೆ ದರದ ಟಿಕೆಟ್ ಕೊಡಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2021ರಲ್ಲೇ ವಿಮಾನ ಸಂಸ್ಥೆಗಳಿಗೆ ಅವಕಾಶ ನೀಡಿದೆ. ಆದರೆ ಇವೆಲ್ಲಕ್ಕಿಂತ ದೊಡ್ಡ ಲಾಭ ಬೇರೆ. ದೊಡ್ಡ ಪೆಟ್ಟಿಗೆ ಎಂಬುದು ಎಲ್ಲರದೂ ಆದ್ದರಿಂದ ಅದನ್ನು ತುಂಬುವ ಹೊಣೆ ಒಬ್ಬಳದಾಗುತ್ತದೆ. ಚೀಲ ಅವರವರದಾದಾಗ ಹೊಣೆಯೂ ಅವರವರದಾಗುತ್ತದೆ.

ಮಕ್ಕಳಿಗೆ ಇದು ಉತ್ತಮ ಶಿಕ್ಷಣ. ನಮ್ಮ ಮೊಮ್ಮಗ ಆಟಿಕೆಯ ಕಾರು ಇಟ್ಟುಕೊಂಡು ಕಾಲುಚೀಲ ಮರೆತಿದ್ದ. ಕಾಶಿಯ ಡಿಸೆಂಬರ್ ಚಳಿ ಅವನಿಗೆ ಬುದ್ಧಿ ಹೇಳಿತು. ಗೊದೌಲಿಯಾದ ಅಂಗಡಿಯೊಂದರಲ್ಲಿ ಅವನಿಗೆ ಕಾಲುಚೀಲ ಕೊಡಿಸಿದೆವು. ಅಜ್ಜಿಯನ್ನು ಯಾರೂ "ಮರೆತೆಯಾ" ಎಂದು ಕೇಳಲಿಲ್ಲ. ಮರೆತವನಿಗೆ ತಾನೇ ಮರೆತದ್ದೆಂದು ಗೊತ್ತಿತ್ತು. ಹಿಂದಿರುಗುವ ದಿನ ಮಂಜು ಕವಿದು ವಿಮಾನ ಐದು ಗಂಟೆ ತಡವಾಯಿತು. ನನ್ನಾಕೆಯ ಮಾತ್ರೆ, ವೈದ್ಯರ ಚೀಟಿ, ಹೊತ್ತಿಗೆ ತಿನ್ನಲು ಬೇಕಾದ ಚಪಾತಿ, ಎಲ್ಲವೂ ಅವಳ ಮಡಿಲಲ್ಲೇ ಇದ್ದವು. 2016ರ ದಿನ ನೆನಪಾಗಿ ನನ್ನ ಮನಸ್ಸು ತಣ್ಣಗಾಯಿತು.

ಹಾಗೆಂದು ಇದನ್ನೊಂದು ವ್ರತವನ್ನಾಗಿ ಮಾಡಿಕೊಳ್ಳಬಾರದು. ಎಳೆಯ ಕೂಸಿರುವ ತಾಯಿಗೆ ಏಳು ಕಿಲೋದ ಉಪದೇಶ ಮಾಡುವುದು ಕ್ರೂರವಾದೀತು. ಅರವತ್ತು ದಾಟಿದವರು ಏಳು ಕಿಲೋವನ್ನು ತಲೆಯ ಮೇಲಿನ ಗೂಡಿಗೆ ಎತ್ತುವುದು ಸುಲಭವಲ್ಲ. ಸಂಕೋಚ ಬಿಟ್ಟು ನೆರವು ಕೇಳಬೇಕು, ಕಿರಿಯರು ಕೇಳುವ ಮೊದಲೇ ಎದ್ದು ನೆರವಾಗಬೇಕು. ಎಲ್ಲರೂ ಕೈಚೀಲವನ್ನೇ ತಂದರೆ ಗೂಡು ಸಾಲದೆ ಕಡೆಗೆ ಹತ್ತಿದವರ ಚೀಲವನ್ನು ಕೆಳಗಿನ ಸಾಮಾನು ಕೋಣೆಗೆ ಕಳುಹಿಸುವುದೂ ಉಂಟು. ಆಗ ಮಾತ್ರೆ, ಚೀಟಿ, ಪವರ್ ಬ್ಯಾಂಕುಗಳನ್ನು ಹೊರತೆಗೆದು ಕೈಯಲ್ಲಿ ಇಟ್ಟುಕೊಳ್ಳುವುದನ್ನು ಮರೆಯಬೇಡಿ.

ಇನ್ನೊಂದು ಮಾತು. ಬರುವಾಗ ನಾವು ಒಂದು ಚೀಲವನ್ನು ಚೆಕ್-ಇನ್ ಮಾಡಿದೆವು, ಸೊಸೆಯ ಒಪ್ಪಿಗೆ ಪಡೆದೇ. ಅದರಲ್ಲಿ ಇದ್ದದ್ದು ಬೆಸುಗೆ ಹಾಕಿ ಮುಚ್ಚಿದ ಗಂಗಾಜಲದ ಪುಟ್ಟ ತಾಮ್ರದ ಗಿಂಡಿಗಳು. ಬಂಧುಗಳಿಗೆ, ನೆರೆಯವರಿಗೆ, ಮನೆಗೆಲಸಕ್ಕೆ ಬರುವ ಮುದುಕಿಗೆ. ನಮ್ಮ ಬಟ್ಟೆಬರೆಯಲ್ಲಿ ಕಡಿತ ಮಾಡೋಣ, ಇತರರಿಗೆಂದು ತರುವುದರಲ್ಲಿ ಬೇಡ. ಸೋದರತ್ತೆಗೆಂದು ನನ್ನ ತಂದೆ ಒಯ್ಯುತ್ತಿದ್ದ ತೆಂಗಿನಕಾಯಿಯ ಚೀಲವನ್ನು ನಾನು ಈಗಲೂ ಅನಾವಶ್ಯಕ ಹೊರೆ ಎನ್ನಲಾರೆ.

ಮನೆಗೆ ಬಂದ ಮೇಲೆ ಇನ್ನೊಂದು ವಿಶೇಷ ನಡೆಯಿತು. ಅಂದು ಸಂಜೆ ನನ್ನ ಚೀಲವನ್ನು ನಾನೇ ಬಿಚ್ಚಿ, ಒಗೆಯುವ ಬಟ್ಟೆಯನ್ನು ಬೇರೆಮಾಡಿ, ಚೀಲವನ್ನು ಕೊಡವಿ ಗೂಟಕ್ಕೆ ನೇತುಹಾಕಿದೆ. ನನ್ನಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನ್ರೀ, ಮೈ ಹುಷಾರಾಗಿದೆ ತಾನೇ?" ಎಂದಳು.

ನಗು ಬಂತು. ಉತ್ತರ ಹೇಳಲು ಮಾತ್ರ ಬಾಯಿ ಬರಲಿಲ್ಲ. ಓದುಗ ಮಿತ್ರರೇ, ಮುಂದಿನ ಬಾರಿ ನೀವು ಎಲ್ಲಿಗಾದರೂ ಹೊರಟಾಗ ನಿಮ್ಮ ಚೀಲವನ್ನು ತುಂಬುತ್ತಿರುವ ಕೈ ಯಾರದೆಂದು ಒಮ್ಮೆ ನೋಡಿ.