ನೆತ್ತಿ ಕಳೆದುಕೊಂಡ ಗುಡ್ಡ

ನಗರಗಳು ತಾವಾಗಿಯೇ ಬೆಳೆಯುತ್ತವೆ ಎಂಬುದು ಅರ್ಧಸತ್ಯ. ಕೆಲವು ನಗರಗಳನ್ನು ಅಧಿಕಾರವೇ ಬಿತ್ತುತ್ತದೆ, ಗೊಬ್ಬರವಾಗುವುದು ಹಳ್ಳಿಗಳು.

1911ರ ಡಿಸೆಂಬರ್ 12ರ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ವರ್ಗಾಯಿಸುವುದಾಗಿ ಸಾರಿದನು. ಬಂಗಾಳದ ಪ್ರತಿರೋಧದಿಂದ ಬೇಸತ್ತ ಸಾಮ್ರಾಜ್ಯಕ್ಕೆ ಮೊಗಲರ ಗದ್ದುಗೆಯ ನೆರಳು ಬೇಕಾಗಿತ್ತು. 1894ರ ಭೂಸ್ವಾಧೀನ ಕಾಯಿದೆಯ ಬಲದಿಂದ ರೈಸಿನಾ, ಮಾಲ್ಚಾ ಹಳ್ಳಿಗಳ ರೈತರನ್ನು ಒಕ್ಕಲೆಬ್ಬಿಸಲಾಯಿತು. ರೈಸಿನಾ ಗುಡ್ಡದ ನೆತ್ತಿಯನ್ನು ಸಿಡಿಮದ್ದಿನಿಂದ ಸಮತಟ್ಟು ಮಾಡಿದರು. ಅದರ ಮೇಲೆ ಲುಟ್ಯೆನ್ಸ್ 340 ಕೋಣೆಗಳ ವೈಸರಾಯ್ ಭವನವನ್ನು ನಿಲ್ಲಿಸಿದನು. ಆಳುವವರು ಎತ್ತರದಲ್ಲಿ, ಆಳಿಸಿಕೊಳ್ಳುವವರು ತಗ್ಗಿನಲ್ಲಿ: ಇದು ಕಲ್ಲಿನಲ್ಲಿ ಕೊರೆದ ರಾಜನೀತಿ. 1931ರಲ್ಲಿ ಉದ್ಘಾಟನೆಗೊಂಡ ಆ ನಗರದಲ್ಲಿ ಬ್ರಿಟಿಷರು ಆಳಿದ್ದು ಕೇವಲ 16 ವರ್ಷ.

ಸ್ವತಂತ್ರ ಭಾರತ ಮಾಡಿದ್ದೇನು? ಮಾಲ್ಚಾದ ಪರಿಸರದಲ್ಲಿ 1950ರ ದಶಕದಲ್ಲಿ ಚಾಣಕ್ಯಪುರಿ ತಲೆಯೆತ್ತಿತು. ಉಳುಮೆಯ ನೆಲದಲ್ಲಿ ಅನ್ಯದೇಶಗಳ ರಾಯಭಾರ ಕಚೇರಿಗಳು ಪರಸ್ಪರ ಪೈಪೋಟಿಯಿಂದ ಮೆರೆದವು. ಹಳ್ಳಿಯ ಹೆಸರು ರಸ್ತೆಯೊಂದರ ಫಲಕಕ್ಕೆ ಸೇರಿತು. ಪರಕೀಯರು ಹೋದರೂ ಅವರ ಕಾಯಿದೆ ಹೋಗಲಿಲ್ಲ. 2013ರ ಹೊಸ ಕಾಯಿದೆ 2014ರ ಜನವರಿಯಲ್ಲಿ ಜಾರಿಗೆ ಬರುವವರೆಗೂ ಅದು ಬದುಕಿತ್ತು.

ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಶರಾವತಿ ಕಣಿವೆಯವರಿಗೆ ಈ ಕಥೆ ಹೊಸದಲ್ಲ. ಭವನಗಳ ಭವ್ಯತೆಗೆ ಬೆರಗಾಗುವ ಮುನ್ನ ವಿದ್ಯಾರ್ಥಿಗಳು ಕೇಳಲೇಬೇಕಾದ ಪ್ರಶ್ನೆ ಒಂದೇ: ಈ ತಳಪಾಯದ ಅಡಿಯಲ್ಲಿ ಯಾರ ಹೊಲವಿತ್ತು?