ಹಿಂದಿನ ದೀಪ ಯಾರ ಕೆಲಸ?

ಖಂಡೇಪೂಜೆಯ ದಿನ ನಮ್ಮ ಚಿಮ್ಮಡದ ಯಾವ ಓಣಿಗೆ ಹೋದರೂ ಒಂದೇ ನೋಟ. ತೊಳೆದು ನಿಲ್ಲಿಸಿದ ಟ್ರ್ಯಾಕ್ಟರು, ಜೀಪು, ಮೋಟರ್ ಸೈಕಲ್ಲು. ಮೂತಿಗೆ ವಿಭೂತಿ, ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು, ಎದುರಿಗೆ ಒಡೆದ ತೆಂಗಿನಕಾಯಿ. ನಮ್ಮ ಮನೆಯ ಬೊಲೆರೊಗೂ ಈ ಸೇವೆಯೆಲ್ಲ ಸಲ್ಲುತ್ತದೆ. ನಾನೂ ವರ್ಷವರ್ಷ ಅದರ ಮುಂದೆ ನಿಂತೇ ಆರತಿ ಬೆಳಗಿದವಳು. ಹಿಂದೆ ಹೋಗಿ ನೋಡಿದವಳಲ್ಲ. ನೋಡುವ ಬುದ್ಧಿ ಬಂದದ್ದು ಹೋದ ವರ್ಷದ ಕಬ್ಬಿನ ಹಂಗಾಮಿನಲ್ಲಿ.

ಮುಧೋಳದಲ್ಲಿ ಮದುವೆ ಮುಗಿಸಿಕೊಂಡು ರಾತ್ರಿ ಊರಿಗೆ ಮರಳುತ್ತಿದ್ದೆವು. ಹಂಗಾಮಿನಲ್ಲಿ ನಮ್ಮ ರಸ್ತೆಗಳು ಹೇಗಿರುತ್ತವೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಎರಡರ ತುಂಬ ಕಬ್ಬು. ಮಗ ಗಕ್ಕನೆ ಬ್ರೇಕ್ ಒತ್ತಿದ. ಕಣ್ಣು ಬಿಟ್ಟು ನೋಡಿದರೆ ಕಬ್ಬಿನ ತುದಿಗಳು ನಮ್ಮ ಗಾಜಿನಿಂದ ಒಂದು ಮಾರು ದೂರದಲ್ಲಿ! ನನ್ನ ತೊಡೆಯ ಮೇಲೆ ಮೊಮ್ಮಗಳು ಮಲಗಿದ್ದಳು. ಆ ಟ್ರೇಲರಿನ ಹಿಂದೆ ಒಂದು ದೀಪವಿಲ್ಲ, ಹೊಳೆಯುವ ಒಂದು ಕೆಂಪು ಪಟ್ಟಿಯೂ ಇಲ್ಲ. ಮನೆ ಮುಟ್ಟುವವರೆಗೂ ಅದರ ಚಾಲಕನನ್ನು ಎಲ್ಲರೂ ಸೇರಿ ಬೈದೆವು.

ಮರುದಿನ ಶಾಲೆಗೆ ಹೊರಟಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಾಡಿ ನಿಲ್ಲಿಸಿದ. “ಅಕ್ಕೋರ, ತಪ್ಪ ತಿಳಕೋಬ್ಯಾಡ್ರಿ. ನಿನ್ನಿ ರಾತ್ರಿ ನಿಮ್ಮ ಹಿಂದನ ಬರಾಕತ್ತಿದ್ದೆ. ನಿಮ್ಮ ಗಾಡೀದೂ ಹಿಂದಿನ ಲೈಟ್ ಹತ್ತಿರಲಿಲ್ಲರಿ. ಬಲಗಡೀದೊಂದು ಬ್ರೇಕಿನ ಲೈಟ್ ಹತ್ತಿತು ಅಂತ ನಾ ಉಳಕೊಂಡೆ” ಎಂದ.

ನಾಚಿಕೆಯಿಂದ ಭೂಮಿಗಿಳಿದುಹೋದೆ. ದೀಪದ ಬುಡದಲ್ಲಿ ಕತ್ತಲೆ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿಲ್ಲ!

ಸಂಜೆ ಮನೆಯಲ್ಲಿ ಕೇಳಿದೆ. “ಬ್ರೇಕ್ ಒತ್ತಿದರ ಹತ್ತತೈತಲ್ಲ, ಸಾಕು” ಎಂದರು ನಮ್ಮವರು. ಇದೇ ಮೋಸ ನೋಡಿ. ನಮ್ಮ ಗಾಡಿಯ ಹಿಂದಿನ ಬಲ್ಬಿನಲ್ಲಿ ಎರಡು ತಂತಿಗಳಿವೆ. ರಾತ್ರಿಯಿಡೀ ಉರಿಯುವುದು 5 ವ್ಯಾಟಿನದು, ಬ್ರೇಕಿಗೆ ಉರಿಯುವುದು 21 ವ್ಯಾಟಿನದು. ಒಂದು ಕಡಿದರೂ ಇನ್ನೊಂದು ಉರಿಯಬಹುದು. ಬಲಗಡೆಯ ಬಲ್ಬಿನಲ್ಲಿ ಸಣ್ಣ ತಂತಿ ಹೋಗಿತ್ತು, ಎಡಗಡೆಯದು ಪೂರ್ತಿ ಸತ್ತಿತ್ತು. ಎಷ್ಟು ತಿಂಗಳಿಂದ? ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಆದರೆ ಅದೇ ಗಾಡಿಯ ಮುಂದೆ ಕಣ್ಣು ಕುಕ್ಕುವ ಎಲ್‌ಇಡಿ ಪಟ್ಟಿ ಬಂದಿತ್ತು, ಹೊಸ ಹಾರ್ನು ಬಂದಿತ್ತು!

ಇದು ಬರೀ ಮರೆವಲ್ಲ ಎಂದು ನನ್ನ ವಾದ. ಮುಂದಿನ ದೀಪ ನಮಗೆ ದಾರಿ ತೋರಿಸುತ್ತದೆ. ಹಿಂದಿನ ದೀಪ ನಮ್ಮ ಹಿಂದೆ ಬರುವ, ನಾವು ಮುಖವನ್ನೂ ನೋಡದ ಮನುಷ್ಯನಿಗಾಗಿ ಉರಿಯುತ್ತದೆ. ತನಗೆ ಕಾಣದ್ದು ತನ್ನದಲ್ಲ ಎಂಬ ಸ್ವಾರ್ಥವೇ ಅದನ್ನು ಆರಿಸಿದೆ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ರಾತ್ರಿ ಓಡುವ ಗಾಡಿಯ ಹಿಂದೆ ಕೆಂಪು ದೀಪ ಇರಲೇಬೇಕೆನ್ನುತ್ತವೆ. ಆದರೆ ಕಾಯ್ದೆ ನಮ್ಮ ಅಂಗಳಕ್ಕೆ ಬಂದು ಬಲ್ಬು ಹಾಕುವುದಿಲ್ಲವಷ್ಟೆ.

ಒಂದು ದೀಪದಿಂದ ಏನಾಗುತ್ತದೆ ಎನ್ನುವವರು ಈ ಪ್ರಯೋಗವನ್ನು ಕೇಳಬೇಕು. 1974ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜಾನ್ ವೊವೊಡ್‌ಸ್ಕಿ ಎಂಬ ಮನಃಶಾಸ್ತ್ರಜ್ಞರು 343 ಟ್ಯಾಕ್ಸಿಗಳ ಹಿಂಗಾಜಿನ ಬುಡಕ್ಕೆ ಹೆಚ್ಚಿನದೊಂದು ಬ್ರೇಕ್ ದೀಪ ಹಚ್ಚಿಸಿದರು. ಅಂಥ ದೀಪವಿಲ್ಲದ ಟ್ಯಾಕ್ಸಿಗಳಿಗೆ ಹೋಲಿಸಿದರೆ, ಇವಕ್ಕೆ ಹಿಂದಿನಿಂದ ಬಂದು ಗುದ್ದುವ ಅಪಘಾತಗಳು ಶೇಕಡಾ 60ರಷ್ಟು ಕಡಿಮೆಯಾದವು! ಮುಂದೆ 1986ರ ಮಾದರಿಯ ಕಾರುಗಳಿಂದ ಆ ದೇಶ ಅದನ್ನು ಕಡ್ಡಾಯ ಮಾಡಿತು. ಅವರು ಎರಡಿದ್ದಲ್ಲಿ ಮೂರನೆಯದನ್ನು ಹಚ್ಚಿದರು. ನಾವು ಇದ್ದೆರಡನ್ನೂ ಆರಿಸಿಕೊಂಡು ಕೂತಿದ್ದೇವೆ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಹೋಗಿರುತ್ತದೆ. ಕತ್ತಲಲ್ಲಿ ‘ಅಯ್ಯೋ’ ಎನ್ನುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

‘ಗಾಡಿ ಗಂಡಸರ ವಿಷಯ, ನಮಗ್ಯಾಕೆ?’ ಎನ್ನುವ ಸೋದರಿಯರಿಗೆ ನನ್ನದೊಂದು ಪ್ರಶ್ನೆ. ದೀಪ ಎಂದಿನಿಂದ ಗಂಡಸರ ವಿಷಯವಾಯಿತು? ನಾನು ಸಣ್ಣವಳಿದ್ದಾಗ ದಿನಾ ಸಂಜೆ ಕಂದೀಲಿನ ಗಾಜನ್ನು ಬೂದಿ ಹಚ್ಚಿ ಒರೆಸುತ್ತಿದ್ದವಳು ನಾನು, ಬತ್ತಿ ಕತ್ತರಿಸುತ್ತಿದ್ದವಳು ನನ್ನವ್ವ. ರಾತ್ರಿ ಚಕ್ಕಡಿ ಹೂಡಿದರೆ ಅದೇ ಕಂದೀಲನ್ನು ಅಚ್ಚಿನ ಕೆಳಗೆ ತೂಗುಬಿಡುತ್ತಿದ್ದರು. ಹಿಂದೆ ಬರುವವನಿಗೂ ಅದು ಕಾಣುತ್ತಿತ್ತು. ಎತ್ತಿನ ಗಾಡಿಗಿದ್ದ ಮರ್ಯಾದೆ ಲಕ್ಷಗಟ್ಟಲೆಯ ಗಾಡಿಗೆ ಬೇಡವೆ?

ಆ ಭಾನುವಾರ ನಾನೇ ಕೈ ಹಚ್ಚಿದೆ. ಗಾಡಿ ಬಂದ್ ಮಾಡಿಸಿ, ತಿರುಪು ಬಿಚ್ಚಿ ಕೆಂಪು ಮುಚ್ಚಳ ತೆಗೆದೆ. ಹಳೆಯ ಬಲ್ಬನ್ನು ಒಳಗೆ ಒತ್ತಿ ಎಡಕ್ಕೆ ತಿರುವಿದರೆ ಕೈಗೇ ಬಂತು. ಹಿಡಿಕೆಯಲ್ಲಿ ಕಿಲುಬು ಕಟ್ಟಿತ್ತು, ಉಸುಕಿನ ಕಾಗದದಿಂದ ತಿಕ್ಕಿದೆ. ಹೊಸ ಬಲ್ಬಿನ ಎರಡು ಗುಬ್ಬಿಗಳು ಒಂದೇ ಎತ್ತರದಲ್ಲಿರುವುದಿಲ್ಲ, ಆದ್ದರಿಂದ ತಿರುವುಮುರುವು ಕೂರುವುದೇ ಇಲ್ಲ. ಹೊಲಿಗೆ ಯಂತ್ರಕ್ಕೆ ಸೂಜಿ ಹಾಕಬಲ್ಲವಳಿಗೆ ಇದೇನು ಮಹಾ ವಿದ್ಯೆ? ಎರಡು ಬಲ್ಬಿಗೆ ಕೊಟ್ಟದ್ದು ಮನೆಮಂದಿಯ ಒಂದು ಹೊತ್ತಿನ ಚಹಾದ ಖರ್ಚು. ಹೊಸ ಬಲ್ಬಿಗೂ ಹತ್ತದಿದ್ದರೆ ಫ್ಯೂಸ್ ನೋಡಬೇಕು, ಆಮೇಲೆ ಮೆಕ್ಯಾನಿಕನ ಕಡೆಗೆ ಒಯ್ಯಬೇಕು. ಈಗ ರಾತ್ರಿ ಪ್ರಯಾಣವಿದ್ದ ದಿನ ನಾನು ಹಿಂದೆ ನಿಂತು “ದೀಪ ಹಚ್ಚು, ಬ್ರೇಕ್ ಒತ್ತು” ಎಂದು ಹೇಳಿ, ಎರಡೂ ಕಡೆ ನೋಡಿ, ಎರೆಮಣ್ಣು ಮೆತ್ತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿಯೇ ಹತ್ತುತ್ತೇನೆ. ನಮ್ಮವರು ನಗುತ್ತಾರೆ. ನಗಲಿ.

ಕಬ್ಬಿನ ಟ್ರೇಲರುಗಳ ಮಾತು ಇನ್ನೂ ಉಳಿದಿದೆ. ಅವು ಪರದೇಶದಿಂದ ಬಂದವಲ್ಲ. ನಮ್ಮ ಅಣ್ಣ, ಮೈದುನ, ಬೀಗರ ಅಂಗಳದಲ್ಲೇ ನಿಂತಿರುತ್ತವೆ. ಟೇಪ್ ರೆಕಾರ್ಡಿಗೆ ದುಡ್ಡಿದೆ, ಹಿಂದಿನ ದೀಪಕ್ಕಿಲ್ಲವೆಂದರೆ ಯಾರು ನಂಬಬೇಕು? ಮನೆಯಿಂದ ಬುತ್ತಿ ಕಟ್ಟಿಕೊಡುವ ಕೈಗಳು ಒಂದು ದಿನ ಬುತ್ತಿ ಹಿಡಿದುಕೊಂಡೇ ಕೇಳಲಿ: “ಹಿಂದಿನ ದೀಪ ಹತ್ತತೈತೇನು? ತೋರಿಸಿ ಹೋಗು.”